ಒಂದೇ ಅಳತೆ, ಹಲವು ತೂಕ

ಕಂಪ್ಲಿಯ ಸಮೀಪದ ಎಮ್ಮಿಗನೂರಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ವಿಜ್ಞಾನ ಪ್ರದರ್ಶನಕ್ಕೆಂದು ಒಂದು ಯಂತ್ರವನ್ನು ಮಾಡಿ ತಂದಿದ್ದನು. ಯಂತ್ರವೆಂದರೆ ದೊಡ್ಡದೇನೂ ಅಲ್ಲ. ಮೇಲೊಂದು ತಗಡಿನ ಆಲಿಕೆ. ಅದರ ಕೆಳಗೆ ಅತ್ತಿತ್ತ ಸರಿಯುವ ದಪ್ಪ ಹಲಗೆ. ಹಲಗೆಯಲ್ಲಿ ಒಂದು ತೂತು. ಅದರ ಕೆಳಗೆ ಇನ್ನೊಂದು ಚಿಕ್ಕ ಆಲಿಕೆ. ಹಲಗೆಯನ್ನು ಒಂದು ಕಡೆಗೆ ಎಳೆದರೆ ಮೇಲಿನ ಆಲಿಕೆಯ ಬತ್ತವು ತೂತನ್ನು ತುಂಬುತ್ತದೆ. ಇನ್ನೊಂದು ಕಡೆಗೆ ತಳ್ಳಿದರೆ ತುಂಬಿದ ಬತ್ತವು ಕೆಳಗಿನ ಆಲಿಕೆಯ ಮೂಲಕ ಪೊಟ್ಟಣಕ್ಕೆ ಬೀಳುತ್ತದೆ. ಬಿತ್ತನೆಯ ಬತ್ತವನ್ನು ಸಮನಾದ ಪೊಟ್ಟಣಗಳಾಗಿ ಕಟ್ಟಬೇಕೆಂಬುದು ಅವನ ಉದ್ದೇಶವಾಗಿದ್ದಿತು.

“ತೂತು ಒಂದೇ ಸಾರ್, ಆದರೆ ತೂಕ ಮಾತ್ರ ಒಂದೇ ಬರುವುದಿಲ್ಲ” ಎಂದು ಅವನು ತನ್ನ ಪುಸ್ತಕವನ್ನು ತೋರಿಸಿದನು. ಇಪ್ಪತ್ತು ಸಲ ತೂಗಿ ಬರೆದ ಅಂಕಿಗಳಲ್ಲಿ ಏಳನೆಯದನ್ನೂ ಎಂಟನೆಯದನ್ನೂ ರಬ್ಬರಿನಿಂದ ಉಜ್ಜಿ ಅಳಿಸಿದ್ದನು. ಏಕೆಂದು ಕೇಳಿದೆವು. “ಏಳನೆಯದು ತೀರ ಕಡಮೆ ಬಂತು, ಎಂಟನೆಯದು ಅಷ್ಟೇ ಹೆಚ್ಚು ಬಂತು. ಎರಡೂ ತಪ್ಪಿರಬೇಕೆಂದು ಬಿಟ್ಟುಬಿಟ್ಟೆ. ಬಿಟ್ಟರೂ ಸರಾಸರಿ ಬದಲಾಗಲಿಲ್ಲ ಸಾರ್” ಎಂದನು.

ಅವನ ಯಂತ್ರದ ರೋಗವೇನೆಂಬುದನ್ನು ಹೇಳುತ್ತಿದ್ದುದು ಆ ಎರಡು ಅಂಕಿಗಳೇ. ಹೇಗೆಂಬುದನ್ನು ವಿವರಿಸುವ ಮುನ್ನ, ಇದೇ ಬಗೆಯ ಯಂತ್ರವನ್ನು ಬತ್ತಕ್ಕಿಂತ ಬಹಳ ಅಪಾಯಕರವಾದ ಪದಾರ್ಥಕ್ಕೆ ಬಳಸುವ ಸಂದರ್ಭವೊಂದನ್ನು ನೋಡೋಣ.

ಅದೇ ಯಂತ್ರ, ಬೇರೆ ಪದಾರ್ಥ

ಕೋವಿಯ ತೋಟಾದಲ್ಲಿ ನಾಲ್ಕು ಭಾಗಗಳುಂಟು: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹಾರಿಸಿದ ಮೇಲೆ ಚಿಪ್ಪು ಉಳಿಯುತ್ತದೆ. ಅಮೆರಿಕ ಮೊದಲಾದ ಕೆಲವು ದೇಶಗಳಲ್ಲಿ ಗುರಿಕಾರರು ಉಳಿದ ಚಿಪ್ಪಿಗೆ ಹೊಸ ಕೇಪನ್ನೂ ಮದ್ದನ್ನೂ ಗುಂಡನ್ನೂ ಮನೆಯಲ್ಲಿಯೇ ತುಂಬಿಕೊಳ್ಳುವುದುಂಟು. ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಆ ಕೆಲಸವನ್ನು ಕಲಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ನಮಗೆ ಬೇಕಾದುದು ಅವರನ್ನು ಕಾಡುವ ಒಂದು ಭೌತಶಾಸ್ತ್ರದ ಪ್ರಶ್ನೆ ಮಾತ್ರ.

ಅವರು ಮದ್ದನ್ನು ಅಳೆಯುವ ಸಾಧನವು ನಮ್ಮ ವಿದ್ಯಾರ್ಥಿಯ ಯಂತ್ರದಂತೆಯೇ ಇದೆ: ಮೇಲೆ ಮದ್ದಿನ ಬುರುಡೆ, ನಡುವೆ ತಿರುಗುವ ಉರುಳೆಯಲ್ಲಿ ಒಂದು ಗುಳಿ, ಕೆಳಗೆ ಚಿಪ್ಪಿಗೆ ಇಳಿಯುವ ಕೊಳವೆ. ಸಾಧನವು ಅಳೆಯುವುದು ಗಾತ್ರವನ್ನು; ಬೇಕಾದುದು ತೂಕ. ಆ ತೂಕವನ್ನು ‘ಗ್ರೇನ್’ ಎಂಬ ಹಳೆಯ ಮಾನದಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು ಎಂದೇ ಅರ್ಥ. ಯೂರೋಪಿನವರು ಜವೆಯ ಕಾಳಿನಿಂದ ಆರಂಭಿಸಿದ ತೂಕವಿದು, ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನವನ್ನು ತೂಗಿದಂತೆ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಗುಲಗಂಜಿಯೊಂದರ ತೂಕವು ಹತ್ತಿರಹತ್ತಿರ ಅದರ ಎರಡರಷ್ಟು. ಗ್ರೇನಿನ ಹತ್ತನೆಯ ಒಂದು ಪಾಲನ್ನೂ ಆ ಗುರಿಕಾರರು ಗಣನೆಗೆ ತೆಗೆದುಕೊಳ್ಳುತ್ತಾರೆ. ಅದು ಒಂದು ಬತ್ತದ ಕಾಳಿಗಿಂತಲೂ ಹಗುರ.

ಇಷ್ಟು ಸೂಕ್ಷ್ಮತೆ ಏಕೆ? ಮದ್ದು ಹೆಚ್ಚಾದರೆ ನಳಿಗೆಯೊಳಗಿನ ಒತ್ತಡವು ಮಿತಿಮೀರಬಹುದು. ತೀರ ಕಡಮೆಯಾದರೆ ಅಪಾಯವಿಲ್ಲವೆಂದು ತೋರಬಹುದು, ಅದೂ ಸರಿಯಲ್ಲ. ಬಲ ಸಾಲದೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಅದನ್ನು ತಿಳಿಯದೆ ಮುಂದಿನ ಗುಂಡನ್ನು ಹಾರಿಸಿದವನ ಕೈಯಲ್ಲಿ ನಳಿಗೆಯೇ ಒಡೆಯಬಹುದು. ಆದ್ದರಿಂದ ನೂರು ತೋಟಾಗಳ ಸರಾಸರಿ ಸರಿಯಾಗಿದೆ ಎಂಬುದರಿಂದ ಯಾರಿಗೂ ಸಮಾಧಾನವಿಲ್ಲ. ಪ್ರತಿಯೊಂದೂ ಸರಿಯಾಗಿರಬೇಕು.

ಇದು ಹೊಸ ಸಮಸ್ಯೆಯೂ ಅಲ್ಲ. ಎಮ್ಮಿಗನೂರಿಗೆ ಹಂಪಿ ದೂರವಿಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗಾಗಿ ಬಿಜಾಪುರದ ಸುಲ್ತಾನನೊಡನೆ ಹೋರಾಡಿದಾಗ ತೋಪುಗಳೂ ಬಂದೂಕುಗಳೂ ಬಳಕೆಯಾದುವು. ಕ್ರಿಸ್ತೊವಾವ್ ದ ಫಿಗೈರೆದು ಎಂಬ ಪೋರ್ಚುಗೀಸನ ಬಂದೂಕುಗಾರರು ರಾಯನ ಪಕ್ಷದಲ್ಲಿದ್ದರು. ಆ ಕಾಲದ ಅನೇಕ ಆಯುಧಗಳಲ್ಲಿ ಪ್ರತಿಸಲವೂ ಬಾಯಿಯ ಕಡೆಯಿಂದ ಮದ್ದನ್ನು ಹಾಕಿ ಗಿಡಿಯಬೇಕಾಗಿದ್ದಿತು. ಮದ್ದಿನ ಶಕ್ತಿಯಲ್ಲಿ ಒಂದು ನಿಯತ ಪಾಲು ಗುಂಡಿಗೆ ದೊರೆಯುವುದೆಂದು ಭಾವಿಸೋಣ. ಆಗ ಗುಂಡಿನ ವೇಗದ ವರ್ಗವು ಮದ್ದಿನ ತೂಕಕ್ಕೆ ಅನುಪಾತದಲ್ಲಿರುತ್ತದೆ. ಗಾಳಿಯ ತಡೆಯನ್ನು ಬಿಟ್ಟರೆ ಗುಂಡು ಹೋಗುವ ದೂರವೂ ವೇಗದ ವರ್ಗಕ್ಕೆ ಅನುಪಾತದಲ್ಲಿಯೇ ಇರುತ್ತದೆ. ಎಂದರೆ 1000 ಮೀಟರು ಹೋಗಬೇಕಾದ ಗುಂಡು, ಮದ್ದು ಶೇಕಡ 7ರಷ್ಟು ಹೆಚ್ಚಿದರೆ 1070 ಮೀಟರು ಹೋಗುವುದು. ಕೋಟೆಯ ಗೋಡೆಗೆ ಹಿಡಿದ ಗುರಿ ಗೋಡೆಯ ಆಚೆಗೆ ಬೀಳುವುದು.

ಶೇಕಡ 7 ಎಂಬುದನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಅದು ಎಲ್ಲಿಂದ ಬರುತ್ತದೆಂಬುದನ್ನು ಈಗ ನೋಡೋಣ.

ತುಂಬಿದ ಪಾತ್ರೆ ತುಂಬಿರುವುದಿಲ್ಲ

ಒಂದು ಲೋಟವನ್ನು ನೀರಿನಿಂದ ತುಂಬಿದರೆ ಅದು ನಿಜವಾಗಿ ತುಂಬಿರುತ್ತದೆ. ಕಾಳಿನಿಂದ ತುಂಬಿದರೆ ಹಾಗಲ್ಲ. ಕಾಳಿಗೂ ಕಾಳಿಗೂ ನಡುವೆ ಗಾಳಿಯ ಸಂದುಗಳಿರುತ್ತವೆ. ಸಮನಾದ ಗೋಲಿಗಳನ್ನು ಒಂದೊಂದಾಗಿ ಕ್ರಮವಾಗಿ ಜೋಡಿಸಿದರೂ, ಹಣ್ಣಿನ ಅಂಗಡಿಯವನು ಕಿತ್ತಿಳೆಯನ್ನು ಒಟ್ಟಿದಂತೆ, ಅವು ಜಾಗದ ಶೇಕಡ 74ಕ್ಕಿಂತ ಹೆಚ್ಚು ಭಾಗವನ್ನು ತುಂಬಲಾರವು. 1611ರಲ್ಲಿ ಕೆಪ್ಲರನು ಹೀಗೆಂದು ಊಹಿಸಿದನು. ಅಮೆರಿಕದ ಥಾಮಸ್ ಹೇಲ್ಸ್ 1998ರಲ್ಲಿ ಅದಕ್ಕೆ ಸಾಧನೆಯನ್ನು ಒದಗಿಸಿದರು.

ಸುರಿದ ಗೋಲಿಗಳಿಗೆ ಈ ಶಿಸ್ತು ಇಲ್ಲ. 1960ರಲ್ಲಿ ಜಿ. ಡಿ. ಸ್ಕಾಟ್ ಎಂಬ ವಿಜ್ಞಾನಿಯು ಉಕ್ಕಿನ ಗೋಲಿಗಳನ್ನು ಪಾತ್ರೆಗಳಿಗೆ ತುಂಬಿ ಅಳೆದಾಗ, ಮೆಲ್ಲಗೆ ಸುರಿದವು ಜಾಗದ ಸುಮಾರು ಶೇಕಡ 60ನ್ನು ಮಾತ್ರ ತುಂಬಿದುವು. ಅಲುಗಿಸಿ ಕುಳ್ಳಿರಿಸಿದಾಗ ಶೇಕಡ 64ರ ಸಮೀಪಕ್ಕೆ ಬಂದುವು. ಈಗ 64ನ್ನು 60ರಿಂದ ಭಾಗಿಸಿ ನೋಡಿ: 1.067. ಅದೇ ಪಾತ್ರೆ, ಅದೇ ಗೋಲಿ, ಅದೇ ಅಂಚು. ತೂಕದಲ್ಲಿ ಮಾತ್ರ ಹತ್ತಿರಹತ್ತಿರ ಶೇಕಡ 7ರ ವ್ಯತ್ಯಾಸ! ಸುರಿದ ಎತ್ತರ, ಸುರಿದ ವೇಗ, ಮೇಜಿನ ಅದುರು ಇವೆಲ್ಲವೂ ತೂಕದಲ್ಲಿ ತಮ್ಮ ಗುರುತನ್ನು ಬಿಡುತ್ತವೆ.

ತಟ್ಟಿ ತಟ್ಟಿ ಕುಳ್ಳಿರಿಸಿಬಿಟ್ಟರೆ ಆಯಿತಲ್ಲ ಎಂದು ವಾಚಕರು ಕೇಳಬಹುದು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಗಾಜಿನ ಗೋಲಿಗಳ ಕಂಬವನ್ನು ಸಾವಿರಾರು ಸಲ ತಟ್ಟಿ ನೋಡಿದ ಪ್ರಯೋಗವೊಂದರ ಫಲವು 1995ರಲ್ಲಿ ಪ್ರಕಟವಾಯಿತು. ಮೊದಲಿನ ತಟ್ಟುಗಳಲ್ಲಿ ಗೋಲಿಗಳು ಬೇಗ ಇಳಿದುವು. ಆಮೇಲೆ ಬಹು ನಿಧಾನವಾಗಿ, ನಿಂತೂ ನಿಲ್ಲದಂತೆ ಇಳಿಯುತ್ತಲೇ ಹೋದುವು. ಆದುದರಿಂದ ‘ಪೂರ್ತಿ ತಟ್ಟಿದೆ’ ಎಂಬ ಸ್ಥಿತಿಯನ್ನು ಸುಲಭವಾಗಿ ಮುಟ್ಟಲಾಗದು. ಪ್ರತಿಸಲವೂ ಅಷ್ಟೇ ತಟ್ಟುಗಳು, ಅಷ್ಟೇ ಬಲ ಎಂಬ ನಿಯಮವನ್ನು ಇಟ್ಟುಕೊಳ್ಳುವುದೇ ಉಪಾಯ.

ತಲೆ ಕಟ್ಟಿದ ಸೇರು

ಕಣದಲ್ಲಿ ರಾಶಿಯನ್ನು ಅಳೆಯುವಾಗ ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಎಣಿಕೆಯನ್ನು ಆರಂಭಿಸುವ ಪದ್ಧತಿ ನಮ್ಮಲ್ಲಿದ್ದಿತು. ಲಾಭ ಯಾರಿಗೆ ಎಂಬುದನ್ನು ಅಳೆಯುವವನ ಕೈ ನಿರ್ಧರಿಸುತ್ತಿದ್ದಿತು. ಸೇರಿನ ಅಂಚಿಗೆ ಕೋಲನ್ನೆಳೆದು ಸಮಮಾಡಿದರೆ ಒಂದು ಲೆಕ್ಕ; ಮೇಲೆ ಗೋಪುರದಂತೆ ತಲೆ ಕಟ್ಟಿದರೆ ಇನ್ನೊಂದು ಲೆಕ್ಕ. ಎತ್ತರವೂ ವ್ಯಾಸವೂ ಸಮನಾಗಿರುವ ಒಂದು ಸೇರನ್ನು ಭಾವಿಸಿಕೊಳ್ಳಿ. ಮೇಲಿನ ಶಂಕುವಿನ ಇಳಿಜಾರು 30 ಡಿಗ್ರಿಯಾದರೆ ತಲೆಯ ಗಾತ್ರವು ಸೇರಿನ ಶೇಕಡ 9.6ರಷ್ಟು, 40 ಡಿಗ್ರಿಯಾದರೆ ಶೇಕಡ 14ರಷ್ಟು. ಗಣಿತ ಬಲ್ಲ ವಿದ್ಯಾರ್ಥಿಗಳು ಶಂಕುವಿನ ಸೂತ್ರದಿಂದ ಇದನ್ನು ತಾಳೆ ನೋಡಬಹುದು. ಆ ಇಳಿಜಾರು ಕಾಳಿನ ಒರಟುತನವನ್ನೂ ತೇವವನ್ನೂ ಅವಲಂಬಿಸಿದೆ. ಮಾರುವವನೂ ಕೊಳ್ಳುವವನೂ ಇಬ್ಬರೂ ಪ್ರಾಮಾಣಿಕರಾಗಿದ್ದರೂ ಅಳತೆಯು ಮೋಸಮಾಡಬಲ್ಲುದು.

ಇಂದು ನಮ್ಮ ಸೀಮೆಯ ಬತ್ತವು 75 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ತಕ್ಕಡಿಯು ಸೇರಿಗಿಂತ ನ್ಯಾಯವಾದುದು; ಆದರೆ ಅದೂ ನೀರನ್ನು ಬತ್ತವೆಂದೇ ಎಣಿಸುತ್ತದೆ. ಶೇಕಡ 20ರಷ್ಟು ತೇವವಿರುವ 100 ಕಿಲೋ ಬತ್ತವನ್ನು ಶೇಕಡ 14ರವರೆಗೆ ಒಣಗಿಸಿದರೆ ಉಳಿಯುವುದು ಸುಮಾರು 93 ಕಿಲೋ. ಕಾಳು ಒಂದೂ ಕಳೆದಿಲ್ಲ. 7 ಕಿಲೋ ಗಾಳಿಗೆ ಹೋಗಿದೆ. ಸರ್ಕಾರಿ ಖರೀದಿಯಲ್ಲಿ ತೇವಕ್ಕೆ ಮಿತಿಯನ್ನು ಗೊತ್ತುಮಾಡಿರುವುದು ಇದಕ್ಕಾಗಿಯೇ.

ನೀರಿನಂತೆ ಹರಿದರೂ ನೀರಲ್ಲ

ಆಲಿಕೆಯಲ್ಲಿ ನೀರನ್ನು ತುಂಬಿ ಕೆಳಗಿನ ಬಾಯಿಯನ್ನು ಬಿಟ್ಟರೆ ಮೊದಲು ರಭಸವಾಗಿಯೂ ಮಟ್ಟ ಇಳಿದಂತೆ ಮೆಲ್ಲಗೂ ಹರಿಯುತ್ತದೆ. ಮರಳು ಹಾಗಲ್ಲ. ಮರಳು ಗಡಿಯಾರವು ಸಮವಾಗಿ ನಡೆಯುವುದು ಇದರಿಂದಲೇ. ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರು ಧಾನ್ಯದ ಕಣಜಗಳನ್ನು ಪರೀಕ್ಷಿಸಿ 1895ರಲ್ಲಿ ಅವುಗಳ ತಳದ ಒತ್ತಡವನ್ನು ವಿವರಿಸಿದನು. ಕಾಳುಗಳು ಗೋಡೆಗೆ ಒತ್ತಿ ನಿಲ್ಲುತ್ತವೆ. ಘರ್ಷಣೆಯ ಮೂಲಕ ಗೋಡೆಯು ಅವುಗಳ ಭಾರದ ಬಹುಪಾಲನ್ನು ಹೊರುತ್ತದೆ. ಆದ್ದರಿಂದ ಕಣಜದ ಅಗಲದ ಕೆಲವು ಪಟ್ಟು ಆಳವಾದ ಮೇಲೆ ತಳದ ಒತ್ತಡವು ಹೆಚ್ಚುವುದೇ ಇಲ್ಲ. ಆದರೆ ಕಾಳು ತಳದ ಹತ್ತಿರಕ್ಕೆ ಇಳಿದಾಗ ಈ ಸಮತೆ ಕೆಡುತ್ತದೆ. ಬುರುಡೆಯನ್ನು ಪೂರ್ತಿ ಬರಿದಾಗಲು ಬಿಡದೆ ಆಗಾಗ ತುಂಬುತ್ತಿರಬೇಕೆಂದು ಅನುಭವಿಗಳು ಹೇಳುವುದು ಸರಿಯಾಗಿಯೇ ಇದೆ.

ಗೋಡೆಗೆ ಒತ್ತಿ ನಿಲ್ಲುವ ಈ ಗುಣವೇ ಕೆಲವೊಮ್ಮೆ ತೊಡಕಾಗುತ್ತದೆ. ಬಾಯಿ ಕಿರಿದಾಗಿದ್ದರೆ ನಾಲ್ಕೈದು ಕಾಳುಗಳು ಒಂದಕ್ಕೊಂದು ಆನಿಕೊಂಡು ಕಮಾನನ್ನು ಕಟ್ಟುತ್ತವೆ. ಹಂಪಿಯಲ್ಲಿ ಕಲ್ಲಿನ ಕಮಾನುಗಳನ್ನು ನೋಡಿದವರಿಗೆ ಇದು ಅಚ್ಚರಿಯಲ್ಲ. ಪ್ರತಿಯೊಂದು ಕಲ್ಲೂ ನೆರೆಯ ಕಲ್ಲನ್ನು ಬೀಳಗೊಡುವುದಿಲ್ಲ. ಬಾಯಿಯ ಅಗಲವು ಕಾಳಿನ ಗಾತ್ರದ ಐದಾರು ಪಟ್ಟಿಗಿಂತ ಕಡಮೆಯಾದರೆ ಕಮಾನು ಕಟ್ಟುವ ಸಂಭವವು ಬಹಳ. ಗುಂಡಗಿನ ಸಾಸಿವೆ ಸರಾಗವಾಗಿ ಜಾರುತ್ತದೆ; ಉದ್ದವೂ ಒರಟೂ ಆದ ಬತ್ತ ಸಿಕ್ಕಿಕೊಳ್ಳುತ್ತದೆ. ಮದ್ದಿನಲ್ಲಿಯೂ ಹೀಗೆಯೇ. ಇಂದಿನ ಹೊಗೆಯಿಲ್ಲದ ಮದ್ದನ್ನು ಸಣ್ಣ ಗೋಲಿ, ಬಿಲ್ಲೆ, ಕಡ್ಡಿ ಎಂಬ ಆಕಾರಗಳಲ್ಲಿ ಮಾಡುತ್ತಾರೆ. ಗೋಲಿಯ ಮದ್ದು ಸಮವಾಗಿ ಅಳತೆಗೆ ಬರುತ್ತದೆ. ಕಡ್ಡಿಯ ಮದ್ದು ಅಡ್ಡ ನಿಂತು ಕಾಟ ಕೊಡುತ್ತದೆ.

ಇನ್ನೂ ಮೂರು ಕಾರಣಗಳನ್ನು ಹೇಳಬೇಕು. ಮೊದಲನೆಯದು ತೇವ. ಮಳೆಗಾಲದ ಉಪ್ಪಿನಂತೆ ಪುಡಿಯ ಕಣಗಳು ಒಂದಕ್ಕೊಂದು ಅಂಟುತ್ತವೆ. ಎರಡನೆಯದು ಇದಕ್ಕೆ ವಿರುದ್ಧವಾದ ಒಣಹವೆ. ಆಗ ಉಜ್ಜಾಟದಿಂದ ಹುಟ್ಟಿದ ಸ್ಥಿರವಿದ್ಯುತ್ತು ಪುಡಿಯನ್ನು ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಸುತ್ತದೆ. ಮೂರನೆಯದು ಬೇರ್ಪಡೆ. ಅಕ್ಕಿಯ ಡಬ್ಬವನ್ನು ಅಲುಗಿಸಿದರೆ ನುಚ್ಚು ತಳಕ್ಕಿಳಿಯುವುದನ್ನು ಎಲ್ಲರೂ ಬಲ್ಲರು. ಹಿಂದಿನ ಕಾಲದ ಕರಿಮದ್ದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಬರಿಯ ಪುಡಿಯಾಗಿದ್ದಾಗ ಗಾಡಿಯ ಕುಲುಕಿನಲ್ಲಿ ಆ ಮೂರೂ ಬೇರೆ ಬೇರೆಯಾಗುತ್ತಿದ್ದುವು. ಹದಿನೈದನೆಯ ಶತಮಾನದಲ್ಲಿ ಯೂರೋಪಿನವರು ಪುಡಿಯನ್ನು ನೆನೆಸಿ ಮುದ್ದೆಮಾಡಿ ಒಣಗಿಸಿ ಕಾಳುಮಾಡತೊಡಗಿದಾಗ ಈ ದೋಷ ನೀಗಿತು.

ಕನ್ನಡದಲ್ಲಿ ಕೋವಿಗೆ ಹಾಕುವುದೂ ಮದ್ದು, ರೋಗಿಗೆ ಕೊಡುವುದೂ ಮದ್ದು. ಮಾತ್ರೆಯನ್ನು ತಯಾರಿಸುವ ಯಂತ್ರದಲ್ಲಿಯೂ ಪುಡಿಯು ಒಂದು ಗುಳಿಯನ್ನು ತುಂಬುತ್ತದೆ. ಎಂದರೆ ಅಲ್ಲಿಯೂ ಅಳತೆ ಗಾತ್ರದ್ದು, ಬೇಕಾದುದು ತೂಕ. ಔಷಧದ ಪುಡಿಯನ್ನು ಅನೇಕ ವೇಳೆ ಮೊದಲು ಕಾಳುಮಾಡಿಕೊಳ್ಳುವುದು ಇದೇ ಕಾರಣದಿಂದ. ಮಾತ್ರೆಗಳ ಸರಾಸರಿ ಸರಿಯಿದ್ದರೂ ರೋಗಿಯು ನುಂಗುವುದು ಸರಾಸರಿಯನ್ನಲ್ಲ, ಒಂದು ಮಾತ್ರೆಯನ್ನು.

ರೋಗವನ್ನು ಗುರುತಿಸುವ ಬಗೆ

ಕಾರಣಗಳು ಇಷ್ಟೊಂದಿರುವಾಗ ಯಾವುದು ಎಂದು ತಿಳಿಯುವುದು ಹೇಗೆ? ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು. ಅದನ್ನು ಮಟ್ಟವಾದ ಮೇಜಿನ ಮೇಲಿಟ್ಟು, ಪಂಖವನ್ನು ನಿಲ್ಲಿಸಿ, ಗೊತ್ತಾದ ತೂಕದ ಬಟ್ಟನ್ನು ಹತ್ತು ಸಲ ತೂಗಿ ನೋಡಬೇಕು. ಬಟ್ಟಿನ ತೂಕವೇ ಬದಲಾಗುತ್ತಿದ್ದರೆ ಬತ್ತವನ್ನು ದೂರಿ ಫಲವಿಲ್ಲ.

ಆಮೇಲೆ ತೂಕಗಳನ್ನು ಬಂದ ಕ್ರಮದಲ್ಲಿಯೇ ನಕ್ಷೆಯ ಹಾಳೆಯಲ್ಲಿ ಗುರುತಿಸಬೇಕು. ಕ್ರಮವೇ ಮುಖ್ಯ. ನಕ್ಷೆಯ ಆಕಾರವು ಕಾರಣವನ್ನು ಸೂಚಿಸುತ್ತದೆ.

ಬಿಂದುಗಳು ಒಂದು ಮಟ್ಟದ ಸುತ್ತ ಮೇಲೆ ಕೆಳಗೆ ಚದರಿದ್ದರೆ ದೋಷವು ಬಹುಮಟ್ಟಿಗೆ ಕೈಯದು: ಒಮ್ಮೆ ಬೇಗ, ಒಮ್ಮೆ ಮೆಲ್ಲಗೆ ಎಳೆದಿದ್ದೇವೆ. ಬಿಂದುಗಳು ಮೆಲ್ಲಮೆಲ್ಲನೆ ಒಂದೇ ಕಡೆಗೆ ಏರಿದರೆ ಅಥವಾ ಇಳಿದರೆ ಬುರುಡೆಯು ಬರಿದಾಗುತ್ತಿರಬೇಕು, ಅದುರಿನಿಂದ ಕಾಳು ಬಿಗಿಯಾಗುತ್ತಿರಬೇಕು, ಇಲ್ಲವೆ ತಕ್ಕಡಿಯ ಸೊನ್ನೆ ಸರಿಯುತ್ತಿರಬೇಕು. ಐದು ಸಲಕ್ಕೊಮ್ಮೆ ಬಟ್ಟನ್ನು ತೂಗಿದರೆ ಕೊನೆಯದು ಹೌದೇ ಅಲ್ಲವೇ ಎಂಬುದು ತಿಳಿಯುತ್ತದೆ. ನಡುನಡುವೆ ಒಂದೇ ಒಂದು ಬಿಂದು ಕೆಳಕ್ಕೆ ಬಿದ್ದಿದ್ದರೆ ಅಳತೆಯ ಗುಳಿಯ ಮೇಲುಗಡೆ ಕಮಾನು ಕಟ್ಟಿ ಗುಳಿಯು ಅರೆತುಂಬಿದೆ.

ಒಂದು ಬಿಂದು ಕೆಳಕ್ಕೆ ಬಿದ್ದು, ಅದರ ಬೆನ್ನಿಗೇ ಇನ್ನೊಂದು ಅಷ್ಟೇ ಮೇಲಕ್ಕೆದ್ದರೆ? ಆಗ ಗುಳಿಯು ಸರಿಯಾಗಿಯೇ ಅಳೆದಿದೆ. ಅಳೆದ ಕಾಳಿನಲ್ಲಿ ಒಂದು ಪಾಲು ಕೆಳಗಿನ ಆಲಿಕೆಯಲ್ಲಿ ಸಿಕ್ಕಿಕೊಂಡಿದೆ. ಮುಂದಿನ ಕಾಳು ಬಿದ್ದಾಗ ಕಮಾನು ಮುರಿದು ಹಿಂದಿನ ಬಾಕಿಯೂ ಅದರೊಡನೆ ಇಳಿದಿದೆ. ಎರಡರ ಮೊತ್ತವು ಎರಡು ಅಳತೆಗಳಿಗೆ ಸರಿಯಾಗಿರುವುದೇ ಇದಕ್ಕೆ ಸಾಕ್ಷಿ.

ನಮ್ಮ ವಿದ್ಯಾರ್ಥಿಯು ಅಳಿಸಿದ ಜೋಡಿ ಇದೇ. ಅದರಿಂದ ಸರಾಸರಿಯು ಕದಲಲಿಲ್ಲವಷ್ಟೆ. ಕದಲುವ ಹಾಗೆಯೂ ಇರಲಿಲ್ಲ. ಬತ್ತದ ಪೊಟ್ಟಣದಲ್ಲಿ ಇದರಿಂದ ದೊಡ್ಡ ಕೇಡಿಲ್ಲ. ಆದರೆ ತೋಟಾಗಳ ಸಾಲಿನಲ್ಲಿ ಇದೇ ಜೋಡಿ ಬಂದಿದ್ದರೆ? ಮೊದಲನೆಯದು ಗುಂಡನ್ನು ನಳಿಗೆಯಲ್ಲಿ ಸಿಕ್ಕಿಸುವಂತಹುದು, ಎರಡನೆಯದು ಮಿತಿಮೀರಿ ತುಂಬಿದುದು. ಒಂದರ ಬೆನ್ನಿಗೇ ಇನ್ನೊಂದು. ಇದಕ್ಕಿಂತ ಕೆಟ್ಟ ಜೊತೆ ಇರಲಾರದು. ಪ್ರಯೋಗಶಾಲೆಯಲ್ಲಿ ‘ತಪ್ಪಿದ ಅಂಕಿ’ ಎಂದು ನಾವು ಉಜ್ಜಿಹಾಕುವುದು ಅನೇಕ ವೇಳೆ ಯಂತ್ರವು ಹೇಳುತ್ತಿರುವ ಒಂದೇ ಒಂದು ನಿಜವಾಗಿರುತ್ತದೆ.

ನಾವು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದೆವು. ಮೇಲಿನ ಆಲಿಕೆಯನ್ನೂ ಹಲಗೆಯನ್ನೂ ಮುಟ್ಟದೆ ಕೆಳಗಿನ ಆಲಿಕೆಯನ್ನು ಮಾತ್ರ ತೆಗೆದು ಅಗಲವಾದ ಬಾಯಿಯದನ್ನು ಇಟ್ಟೆವು. ಮತ್ತೆ ಇಪ್ಪತ್ತು ಸಲ ತೂಗಿದಾಗ ಚಿಕ್ಕ ಚದರಾಟ ಉಳಿದಿದ್ದಿತು; ಜೋಡಿ ಮಾತ್ರ ಮತ್ತೆ ಕಾಣಲಿಲ್ಲ. ಆ ಚದರಾಟವನ್ನೂ ನೀಗಿಸಬೇಕೆಂದು ವಿದ್ಯಾರ್ಥಿಯು ಹೊರಟಾಗ ನಾವೇ ತಡೆದೆವು. ಬಿತ್ತನೆಯ ಪೊಟ್ಟಣದಲ್ಲಿ ನಾಲ್ಕು ಕಾಳು ಹೆಚ್ಚಾದರೆ ಹೊಲಕ್ಕೇನೂ ನಷ್ಟವಿಲ್ಲ. ಯಾವ ಕೆಲಸಕ್ಕೆ ಎಷ್ಟು ನಿಖರತೆ ಬೇಕೆಂಬುದನ್ನು ಅರಿಯುವುದೂ ಅಳತೆಯ ವಿದ್ಯೆಯ ಒಂದು ಭಾಗ.

ವಾಚಕ ಮಿತ್ರರು ಈ ಪರೀಕ್ಷೆಯನ್ನು ಮನೆಯಲ್ಲಿ ರಾಗಿ, ರವೆ, ಬತ್ತಗಳಿಂದ ಮಾಡಿ ನೋಡಬಹುದು. ಪಟಾಕಿಯ ಮದ್ದನ್ನಾಗಲಿ ಕೋವಿಯ ಮದ್ದನ್ನಾಗಲಿ ಮುಟ್ಟಕೂಡದು. ಇಲ್ಲಿನ ಭೌತಶಾಸ್ತ್ರವನ್ನು ಕಲಿಯಲು ರಾಗಿಯೇ ಸಾಕು. ಒಂದು ಚಿಕ್ಕ ಬಟ್ಟಲು, ಒಂದು ತಕ್ಕಡಿ, ಒಂದು ನಕ್ಷೆಯ ಹಾಳೆ ಇದ್ದರೆ ಆಯಿತು. ಬೇಡದ ವಸ್ತು ಒಂದೇ, ರಬ್ಬರು. ಒಪ್ಪಿಗೆಯಾಗದ ಅಂಕಿಯ ಮೇಲೆ ಓದಲು ಬರುವಂತೆ ಒಂದು ಗೆರೆಯನ್ನೆಳೆದು, ಏನಾಯಿತೆಂಬುದನ್ನು ಪಕ್ಕದಲ್ಲಿ ಬರೆದಿಡಿ. ಎಮ್ಮಿಗನೂರಿನ ನಮ್ಮ ಹುಡುಗನ ಪುಸ್ತಕದಲ್ಲಿ ಈಗ ಏಳನೆಯ ಮತ್ತು ಎಂಟನೆಯ ಅಂಕಿಗಳು ತಮ್ಮ ಜಾಗಕ್ಕೆ ಮರಳಿವೆ.